ನನ್ನ ಹೆಸರಿನ ಗಿಡ ಸೂಟಿಯಲ್ಲಿ ಒಣಗಿತು

ಮಾನ್ಯ ಸಂಪಾದಕರೇ,

2025ರ ಜೂನ್ 6ರ ನಿಮ್ಮ ಪತ್ರಿಕೆಯಲ್ಲಿ ವಿಶ್ವ ಪರಿಸರ ದಿನದ ಫೋಟೋಗಳನ್ನು ನೋಡಿದೆ. ನಮ್ಮ ಜಿಲ್ಲೆಯ ಪುಟದಲ್ಲೇ ಏಳು ಫೋಟೋ ಇದ್ದವು. ಏಳರಲ್ಲೂ ಒಂದು ಸಸಿ, ಅದನ್ನು ಹಿಡಿಯೋಕೆ ಎಂಟು ಹತ್ತು ಕೈ, ಹಿಂದೆ ಒಂದು ಬ್ಯಾನರ್. ಪ್ಲಾಸ್ಟಿಕ್ ಮಾಲಿನ್ಯ ನಿಲ್ಲಿಸಿ ಅನ್ನೋದು 2025ರ ಘೋಷಣೆ. ಅದನ್ನು ಬರೆಸಿದ್ದು ಫ್ಲೆಕ್ಸ್ ಮೇಲೆ. ಫ್ಲೆಕ್ಸೂ ಪ್ಲಾಸ್ಟಿಕ್ಕೇ ಅಲ್ವಾ? ನಮ್ಮ ರಾಜ್ಯದಲ್ಲಿ 2016ರಲ್ಲಿ ನಿಷೇಧ ಮಾಡಿದ ಸಾಮಾನುಗಳ ಪಟ್ಟಿಯಲ್ಲಿ ಕ್ಯಾರಿಬ್ಯಾಗ್ ಜೊತೆ ಅದೂ ಇದೆ. ಇರಲಿ, ಜಗಳ ತೆಗೆಯೋಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ಗಿಡದ ಬಗ್ಗೆ ಬರೆಯುತ್ತಿದ್ದೇನೆ.

ನಾನು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಈಗ ಏಳನೇ ತರಗತಿ. ಎರಡು ವರ್ಷದಿಂದ ನಾನು ಶಾಲೆಯ ಉಸ್ತುವಾರಿ ಸಮಿತಿ, ಅದೇ ಎಸ್‌ಡಿಎಂಸಿ, ಅದರ ಸದಸ್ಯೆ. ಅಂದರೆ ಮೀಟಿಂಗಿಗೆ ಕರೆದಾಗ ಹೋಗಿ, ಚಾ ಕುಡಿದು, ರಜಿಸ್ಟರಿನಲ್ಲಿ ಸಹಿ ಮಾಡಿ ಬರುವವಳು. ಮೊದಲ ವರ್ಷ ಅಷ್ಟೇ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ.

ಕಳೆದ ವರ್ಷ, 2024ರಲ್ಲಿ, 'ಏಕ್ ಪೇಡ್ ಮಾ ಕೆ ನಾಮ್' ಅಂತ ಕಾರ್ಯಕ್ರಮ ಬಂತಲ್ಲ, ತಾಯಿಯ ಹೆಸರಿನಲ್ಲಿ ಒಂದು ಗಿಡ. ಮಕ್ಕಳು ಸಸಿ ನೆಡಬೇಕು, ತಾಯಿ ಜೊತೆ ನಿಂತು ಫೋಟೋ ತೆಗೆಸಬೇಕು, ಅದನ್ನು ಕಂಪ್ಯೂಟರಿಗೆ ಏರಿಸಬೇಕು, ಆಮೇಲೆ ಸರ್ಟಿಫಿಕೇಟ್ ಬರುತ್ತದೆ. ನಮ್ಮ ಶಾಲೆಗೆ 40 ಸಸಿ ಬಂದವು. ನನ್ನ ಮಗಳ ಪಾಲಿಗೆ ಹೊಂಗೆ ಬಂತು. ನಾನು ಒಂದು ಒಳ್ಳೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಗುಂಡಿ ತೋಡಿದ್ದು ಏಳನೇ ತರಗತಿಯ ಹುಡುಗರು, ಮಣ್ಣು ಮುಚ್ಚಿದ್ದು ನಾವಿಬ್ಬರು. ಮಗಳು ಒಂದು ರಟ್ಟಿನ ತುಂಡಿನ ಮೇಲೆ ನನ್ನ ಹೆಸರು ಬರೆದು ಕಟ್ಟಿಗೆಗೆ ಕಟ್ಟಿ ಪಕ್ಕದಲ್ಲಿ ನೆಟ್ಟಳು. ಸರ್ಟಿಫಿಕೇಟ್ ಬಂತು. ಅದನ್ನು ಪ್ರಿಂಟ್ ತೆಗೆಸಿ ದೇವರ ಮನೆಯ ಹೊರಗಿನ ಗೋಡೆಗೆ ಅಂಟಿಸಿದೆವು, ಇನ್ನೂ ಅಲ್ಲೇ ಇದೆ.

ಗಿಡ ಚೆನ್ನಾಗೇ ಬಂತು. ಆ ವರ್ಷ ಮಳೆನೂ ಕೈ ಹಿಡಿಯಿತು. ದೀಪಾವಳಿ ಹೊತ್ತಿಗೆ ಮಗಳ ಸೊಂಟದವರೆಗೆ ಬೆಳೆದಿತ್ತು. ಯುಗಾದಿಗೆ ಹೊಸ ಚಿಗುರೂ ಬಿಟ್ಟಿತು, ಹೊಂಗೆ ಚಿಗುರಿನ ಆ ಹೊಳಪು ನಿಮಗೆ ಗೊತ್ತೇ ಇರುತ್ತದೆ. ಏಪ್ರಿಲ್ 10ಕ್ಕೆ ಶಾಲೆ ಮುಗಿಯಿತು. ಗೇಟಿಗೆ ಕೀಲಿ ಬಿತ್ತು. ಮೇ 29ಕ್ಕೆ ಶಾಲೆ ತೆರೆದಾಗ ಮಗಳು ಮಧ್ಯಾಹ್ನ ಓಡಿ ಬಂದಳು, "ಅವ್ವಾ, ನಿನ್ನ ಗಿಡ ಒಣಗೇತಿ" ಅಂದಳು. ಮುಟ್ಟಿದರೆ ಚಟ್ ಅಂತ ಮುರಿಯುತ್ತಿತ್ತಂತೆ. ನನ್ನ ಹೆಸರಿನ ರಟ್ಟು ಮಾತ್ರ ಗಟ್ಟಿಮುಟ್ಟಾಗಿತ್ತು. ಓಣಿಯ ಹೆಂಗಸರು ಒಂದು ವಾರ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಒಂಥರಾ ಆಯಿತು.

ಆಮೇಲೆ ಎಣಿಸಿದೆವು. 40ರಲ್ಲಿ ಉಳಿದಿದ್ದು ಆರು. ಆ ಆರೂ ಕೈ ತೊಳೆಯುವ ನಳದ ನೀರು ಹರಿದು ಹೋಗುವ ಕಾಲುವೆಯ ಬಾಯಿಗೆ ಇದ್ದವು.

ಇಲ್ಲೊಂದು ವಿಚಿತ್ರ ಇದೆ, ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅದರ ಹಿಂದಿನ ವರ್ಷ, 2023ರಲ್ಲಿ, ಶಾಲೆಯಲ್ಲಿ 25 ಸಸಿ ಹಚ್ಚಿದ್ದರು. ಆ ವರ್ಷ ಎಂಥ ಬರ ಅಂತ ಎಲ್ಲರಿಗೂ ಗೊತ್ತು. ಮುಂಗಾರು ಕೈ ಕೊಟ್ಟಿತು, ಹಿಂಗಾರೂ ಅಷ್ಟಕ್ಕಷ್ಟೇ, ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಣೆ ಮಾಡಿತು. 2024ರ ಬೇಸಿಗೆಯಲ್ಲಿ ಊರ ಬೋರುಗಳು ಬರೀ ಗಾಳಿ ಕಕ್ಕುತ್ತಿದ್ದವು. ಆದರೆ ಆ ಬೇಸಿಗೆಯಲ್ಲಿ 25ರಲ್ಲಿ 19 ಸಸಿ ಬದುಕಿದವು! ಬರದಲ್ಲಿ ಬದುಕಿದ್ದು 19, ಒಳ್ಳೆ ಮಳೆ ಆದ ವರ್ಷ ಬದುಕಿದ್ದು ಆರು. ಇದು ಹೇಗೆ ಅಂತ ಮೀಟಿಂಗಿನಲ್ಲಿ ಕೇಳಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ಹೇಳಿದ್ದು ಅಡುಗೆ ಮಾಡುವ ಅಕ್ಕ, ಅದೂ ಪಾತ್ರೆ ತಿಕ್ಕುತ್ತಲೇ. "ಆ ವರ್ಷ ಸೂಟ್ಯಾಗೂ ಬಿಸಿಯೂಟ ಇತ್ತಲ್ರಿ."

ಅಷ್ಟೇ ನೋಡಿ. ಬರ ಅಂತ ಆ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಮಕ್ಕಳು ದಿನಾ ಉಣ್ಣಲು ಬಂದರು. ಉಂಡವರು ತಾಟು ತೊಳೆದರು, ಕೈ ತೊಳೆದರು, ಆ ನೀರು ಎಲ್ಲೋ ಹೋಗಬೇಕಲ್ಲ, ಗಿಡಕ್ಕೆ ಹೋಯಿತು. ಯಾರೂ ಪರಿಸರ ರಕ್ಷಣೆ ಅಂತ ಮಾಡಿದ್ದಲ್ಲ. ಗೇಟಿನ ಚಾವಿ ಒಬ್ಬರ ಕೈಯಲ್ಲಿತ್ತು, ದಿನಾ ತೆಗೆಯುತ್ತಿದ್ದರು, ಅದೇ ಕಾರಣ. ಮುಂದಿನ ವರ್ಷ ಮಳೆ ಚೆನ್ನಾಗಿ ಆಯಿತು, ಬರ ಇಲ್ಲ, ರಜೆಯಲ್ಲಿ ಊಟ ಇಲ್ಲ, ಗೇಟಿಗೆ ಕೀಲಿ, ಗಿಡ ಸತ್ತವು.

ಹಾಗಾಗಿ ನನ್ನ ಮಾತು ಇಷ್ಟು. ಶಾಲೆಯಲ್ಲಿ ಪರಿಸರ ಶಿಕ್ಷಣ ಇಲ್ಲ, ಪಾಠ ಸೇರಿಸಿ, ಇನ್ನೊಂದು ಪುಸ್ತಕ ಮಾಡಿ ಅಂತ ನಾನು ಕೇಳುತ್ತಿಲ್ಲ. ಪಾಠ ಬೇಕಾದಷ್ಟಿದೆ. ಒಂದರಿಂದ ಐದನೇ ತರಗತಿವರೆಗೆ 'ಪರಿಸರ ಅಧ್ಯಯನ' ಅಂತಲೇ ಪುಸ್ತಕ ಇದೆ, ಆರರಿಂದ ಮುಂದೆ ಅದು ವಿಜ್ಞಾನ, ಸಮಾಜ ಅಂತ ಹಂಚಿ ಹೋಗುತ್ತದೆ. ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದೇ, ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯ ಮೇಲೆ, ಶಾಲೆಗಳಲ್ಲಿ ಪರಿಸರ ಕಡ್ಡಾಯ ವಿಷಯ ಆಗಬೇಕು ಅಂತ ಹೇಳಿದೆಯಂತೆ. ನಮ್ಮ ಶಾಲೆಯ ವಿಜ್ಞಾನದ ಸರ್ ಹೇಳಿದರು. ಹನ್ನೆರಡು ವರ್ಷ ಬಿಟ್ಟು 2003ರಲ್ಲಿ ಕೋರ್ಟು ಮತ್ತೆ ಗದರಿಸಿ, ಪಠ್ಯ ತಯಾರಿಸಿ ಅಂತ ಕೇಂದ್ರದ ಪಠ್ಯ ಸಂಸ್ಥೆ ಎನ್‌ಸಿಇಆರ್‌ಟಿಗೆ ಹೇಳಬೇಕಾಯಿತಂತೆ. ನಾನು ಆ 1991ರಲ್ಲಿ ಇನ್ನೂ ಅಂಗನವಾಡಿಗೂ ಹೋಗಿರಲಿಲ್ಲ. ಕಾನೂನಿಗೆ ನನ್ನ ವಯಸ್ಸು ಹತ್ತಿರ ಆಯಿತು, ಗಿಡಕ್ಕೆ ಮಾತ್ರ ಒಂದು ವರ್ಷ ತುಂಬುತ್ತಿಲ್ಲ.

ದುಡ್ಡೂ ಇಲ್ಲ ಅಂತಲ್ಲ. 2001ರಿಂದಲೇ ರಾಷ್ಟ್ರೀಯ ಹಸಿರು ಪಡೆ ಅಂತ ಇದೆ, ಶಾಲೆಗೊಂದು ಇಕೋ ಕ್ಲಬ್. ಈಗ ಸಮಗ್ರ ಶಿಕ್ಷಾ ಅನ್ನೋ ಸರ್ಕಾರದ ಯೋಜನೆಯಲ್ಲಿ ಯೂತ್ ಮತ್ತು ಇಕೋ ಕ್ಲಬ್ಬಿಗೆ ಅಂತ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 15,000 ರೂಪಾಯಿವರೆಗೆ ಕೊಡಲು ಅವಕಾಶ ಇದೆ. ನಮ್ಮ ಶಾಲೆಯಲ್ಲಿ ಆದದ್ದು ಏನೆಂದರೆ, ದುಡ್ಡು ಬಂದಾಗ ಫೆಬ್ರುವರಿ ಮುಗಿಯುತ್ತಾ ಬಂದಿತ್ತು, ಮಾರ್ಚ್ ಒಳಗೆ ಖರ್ಚು ಮಾಡಿ ಬಿಲ್ ಕೊಡಬೇಕಿತ್ತು. ಅಷ್ಟರಲ್ಲಿ ಏನು ಮಾಡೋಕಾಗುತ್ತೆ? ಬಕೆಟ್ ಬಂದವು, ಹಸಿರು ನೀಲಿ ಡಸ್ಟ್‌ಬಿನ್ ಬಂದವು, ಒಂದು ಚಿತ್ರಕಲಾ ಸ್ಪರ್ಧೆ ಆಯಿತು, ಬಹುಮಾನಕ್ಕೆ ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಕೊಟ್ಟರು. ಹೆಡ್‌ಮಾಸ್ತರರನ್ನು ನಾನು ಬೈಯ್ಯುವುದಿಲ್ಲ. ಅವರೊಬ್ಬರೇ ಗುಮಾಸ್ತ, ಅವರೊಬ್ಬರೇ ಜವಾನ, ಮೊಟ್ಟೆ ಲೆಕ್ಕ ಬರೆಯುವವರೂ ಅವರೇ. ಫೆಬ್ರುವರಿ ಕೊನೆಗೆ ಬರುವ ದುಡ್ಡು ಜೂನ್‌ನಲ್ಲಿ ಬಂದಿದ್ದರೆ ಅವರೂ ಬೇರೆ ಏನಾದರೂ ಮಾಡುತ್ತಿದ್ದರು.

ಈಗ ನೀರಿನ ಲೆಕ್ಕ ಹೇಳುತ್ತೇನೆ. ಇದನ್ನು ಮಾಡಿದ್ದು ಮಕ್ಕಳು, ಗಣಿತದ ಅಕ್ಕೋರು ಕಪ್ಪು ಹಲಗೆ ಮೇಲೆ ಮಾಡಿಸಿದ್ದು. ಒಂದು ಸಸಿಗೆ ವಾರಕ್ಕೆ 10 ಲೀಟರ್ ಅಂತ ಇಟ್ಟುಕೊಳ್ಳಿ, ಬುಡಕ್ಕೆ ಹುಲ್ಲು, ಸೊಪ್ಪು ಮುಚ್ಚಿದರೆ ಅಷ್ಟು ಸಾಕು. ಏಪ್ರಿಲ್ 11ರಿಂದ ಮೇ 28ರವರೆಗೆ ಏಳು ವಾರ. 40 ಸಸಿಗೆ ಒಟ್ಟು 2,800 ಲೀಟರ್. ಇಡೀ ಸೂಟಿಗೆ ಇಷ್ಟೇ! ಸಣ್ಣ ಟ್ಯಾಂಕರಿನ ಒಂದು ಟ್ರಿಪ್ಪೂ ಬೇಡ. ಊರ ಹಬ್ಬಕ್ಕೆ ರಸ್ತೆಗೆ ನೀರು ಹೊಡೆಸಲು ಇದಕ್ಕಿಂತ ಜಾಸ್ತಿ ನೀರು ಖರ್ಚು ಮಾಡುತ್ತೇವೆ. ಅದೇ ಲೆಕ್ಕ ಮುಂದುವರಿಸಿ ಮಕ್ಕಳು ಶಾಲೆಯ ಮಾಳಿಗೆಯನ್ನೂ ಅಳೆದರು. ಮೂರು ಕೋಣೆಯ ಮಾಳಿಗೆ ಸುಮಾರು 150 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಗುಣಿಸಿದರೆ 90,000 ಲೀಟರ್. ಸೋರಿದ್ದು, ಆರಿದ್ದು ಅಂತ ಒಂದಷ್ಟು ಕಳೆದರೂ 70,000 ಲೀಟರಿಗೆ ಮೋಸವಿಲ್ಲ. ಅದೆಲ್ಲ ಈಗ ಪೈಪಿನಲ್ಲಿ ಇಳಿದು ಗಟಾರ ಸೇರುತ್ತದೆ. ಬೇಕಾಗಿರೋದು 2,800. ಲೆಕ್ಕ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದನಂತೆ, "ಹಂಗಾರ ನಮ್ಮ ಗಿಡ ಯಾಕ ಒಣಗಿದುವ್ರಿ ಅಕ್ಕೋರ?" ಆ ಪ್ರಶ್ನೆಗಿಂತ ದೊಡ್ಡ ಪರಿಸರ ಪಾಠ ಯಾವ ಪುಸ್ತಕದಲ್ಲಿದೆ ಹೇಳಿ.

ಒಬ್ಬ ಸದಸ್ಯರು ಇನ್ನೊಂದು ಉಪಾಯ ಹೇಳಿದರು. ಶಾಲೆ ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಕೊಳ್ಳುತ್ತೇವಲ್ಲ, ಅದರಿಂದ ಬೇಡವಾದ ನೀರು ದಿನವಿಡೀ ಗಟಾರಕ್ಕೆ ಹೋಗುತ್ತದೆ, ಅದನ್ನೇ ಗಿಡಕ್ಕೆ ತಿರುಗಿಸೋಣ ಅಂತ. ಕೇಳೋಕೆ ಚೆನ್ನಾಗಿತ್ತು, ನಾನೂ ತಲೆ ಆಡಿಸಿದೆ. ವಿಜ್ಞಾನದ ಸರ್ ಬೇಡ ಅಂದರು. ನಮ್ಮ ಭಾಗದ ಬೋರಿನ ನೀರಿನಲ್ಲಿ ಫ್ಲೋರೈಡು ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಯೋಗ್ಯ ಅಲ್ಲ. ಮುಂಡರಗಿ ಕಡೆ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಆಗಿರೋದು ಇದರಿಂದಲೇ. ಘಟಕ ಆ ಫ್ಲೋರೈಡನ್ನೂ ಉಪ್ಪನ್ನೂ ಬೇರ್ಪಡಿಸಿ ಹೊರಗೆ ಹಾಕುವ ನೀರಿನಲ್ಲಿ ಅವು ಇನ್ನೂ ಗಟ್ಟಿಯಾಗಿರುತ್ತವೆ, ಅದನ್ನೇ ದಿನಾ ಹಾಕಿದರೆ ಮಣ್ಣು ಸವಳು ಹಿಡಿಯುತ್ತದೆ, ತರಕಾರಿ ಮಡಿಗಂತೂ ಬೇಡವೇ ಬೇಡ ಅಂದರು. ನೋಡಿ, ಒಂದು ಪೈಪ್ ಎಲ್ಲಿಗೆ ತಿರುಗಿಸಬೇಕು ಅನ್ನೋದರಲ್ಲಿ ಎಷ್ಟು ಕಲಿಯೋದಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ನನಗೆ ಗೊತ್ತಿರಲಿಲ್ಲ. ನನ್ನ ಮಗಳಿಗೆ ಈಗ ಗೊತ್ತು.

ಹಾಗಾದರೆ ತಾಟು ತೊಳೆದ ನೀರು? ಅದರಲ್ಲಿ ಅನ್ನ, ಸಾರಿನ ಎಣ್ಣೆ ಇರುತ್ತದೆ, ನೇರ ಬಿಟ್ಟರೆ ವಾಸನೆ, ನೊಣ. ಅದಕ್ಕೆ ಹೋದ ವರ್ಷವೇ ನಳದ ಕೆಳಗೆ ಒಂದು ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಮೇಲೆ ಮರಳು ಹಾಕಿದ್ದೆವು. ಮೊದಲು ಒಂದು ಬುಟ್ಟಿಯಲ್ಲಿ ಅನ್ನದ ಅಗಳು ಸೋಸಿ, ಅದು ಊರ ಎಮ್ಮೆಗೆ. ಮರಳನ್ನು ಹದಿನೈದು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಬೇಕು, ಇಲ್ಲಾಂದರೆ ಕಟ್ಟಿಕೊಳ್ಳುತ್ತದೆ. ಮೊದಲ ತಿಂಗಳು ಮರೆತು ಕಟ್ಟಿಕೊಂಡಿತ್ತು, ಗಬ್ಬು ನಾತ. ಈಗ ಗೋಡೆ ಮೇಲೆ ಪಾಳಿ ಬರೆದು ಹಾಕಿದ್ದಾರೆ, ಯಾವ ತರಗತಿ, ಯಾವ ಶನಿವಾರ ಅಂತ. ಖರ್ಚು ಎಷ್ಟು ಅಂತೀರಾ? ಮರಳು ಒಬ್ಬರ ಮನೆ ಕಟ್ಟುವಾಗ ಉಳಿದದ್ದು. ಕಲ್ಲು ಊರದ್ದು.

ಇನ್ನು ಬಿಸಿಯೂಟದ ಕಸ. ಈಗ ಮೊಟ್ಟೆ ವಾರಕ್ಕೆ ಆರು ದಿನ ಕೊಡುತ್ತಾರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟ ಮೇಲೆ. ತುಂಬಾ ಒಳ್ಳೆಯದು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಂದರೆ ದಿನಕ್ಕೆ ನೂರರ ಮೇಲೆ ಮೊಟ್ಟೆ ಸಿಪ್ಪೆ, ಒಂದು ಬುಟ್ಟಿ ಬಾಳೆ ಸಿಪ್ಪೆ, ಮೇಲೆ ಎಣ್ಣೆ ಪಾಕೆಟ್, ಹಾಲಿನ ಪುಡಿ ಪಾಕೆಟ್. ಹೋದ ವರ್ಷದವರೆಗೂ ಇದೆಲ್ಲ ಶಾಲೆ ಹಿಂದಿನ ಗೋಡೆ ಹತ್ತಿರ ಗುಡ್ಡೆ ಬೀಳುತ್ತಿತ್ತು. ಶನಿವಾರ ಬೆಂಕಿ ಹಚ್ಚುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ನಾನು ಸಹಿ ಮಾಡಲು ಹೋಗಿದ್ದೆ. ಐದನೇ ತರಗತಿಯಲ್ಲಿ ಮಕ್ಕಳು ವಾಯು ಮಾಲಿನ್ಯದ ಪಾಠ ಗಟ್ಟಿಯಾಗಿ ಓದುತ್ತಿದ್ದರು, ಪ್ಲಾಸ್ಟಿಕ್ ಸುಡಬಾರದು ಅಂತ. ಕಿಟಕಿಯಿಂದ ಹೊಗೆ ಒಳಗೆ ಬರುತ್ತಿತ್ತು. ಒಂದು ಹುಡುಗಿ ಓದುತ್ತಾ ಓದುತ್ತಾ ಮೂಗಿಗೆ ಓಢಣಿ ಹಿಡಿದುಕೊಂಡಳು, ಆದರೆ ಓದು ನಿಲ್ಲಿಸಲಿಲ್ಲ. ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ನನಗೂ ಮನೆಗೆ ಬಂದು ಮಷಿನ್ ಮುಂದೆ ಕೂತ ಮೇಲೆಯೇ ಹೊಳೆದದ್ದು.

ಈಗ ಹಸಿ ಕಸಕ್ಕೆ ಒಂದು ತಿಪ್ಪೆ ಗುಂಡಿ ಇದೆ. ಹಳ್ಳಿ ಮಕ್ಕಳಿಗೆ ತಿಪ್ಪೆ ಬಗ್ಗೆ ಹೊಸದಾಗಿ ಹೇಳಿಕೊಡೋಕೆ ಏನಿದೆ, ಅವರೇ ನಮಗೆ ಹೇಳಿದರು, ಸಗಣಿ ಒಂದು ಪದರ, ಕಸ ಒಂದು ಪದರ ಅಂತ. ಮೊಟ್ಟೆ ಸಿಪ್ಪೆ ಗೊಬ್ಬರಕ್ಕೆ ಭಾರಿ ಒಳ್ಳೆಯದು ಅಂತ ಮೊಬೈಲಿನಲ್ಲಿ ವಿಡಿಯೋ ಬರುತ್ತದಲ್ಲ, ಅದು ನಮ್ಮ ಕಡೆ ಅಷ್ಟೊಂದು ನಿಜ ಅಲ್ಲ. ನಮ್ಮ ಎರಿ ಮಣ್ಣಿನಲ್ಲಿ ಸುಣ್ಣ ಮೊದಲೇ ಬೇಕಾದಷ್ಟಿದೆ. ಹಾಕಿದರೆ ಕೆಡುಕಿಲ್ಲ, ಆದರೆ ಅದರಿಂದ ಬದನೆಕಾಯಿ ಚಿನ್ನವೂ ಆಗುವುದಿಲ್ಲ. ಹಾಲಿನ ಪುಡಿಯ ಪಾಕೆಟ್ ಮಾತ್ರ ಉಪಯೋಗಕ್ಕೆ ಬಂತು. ದಪ್ಪ ಇರುತ್ತದೆ. ತೊಳೆದು, ತಳಕ್ಕೆ ಎರಡು ತೂತು ಹಾಕಿ, ಮಣ್ಣು ಗೊಬ್ಬರ ತುಂಬಿ ಹೋದ ವರ್ಷ ಬೇವಿನ ಬೀಜ ಹಾಕಿದ್ದರು. ಬೇವಿನ ಬೀಜ ಉದುರಿದ ಒಂದೆರಡು ವಾರದಲ್ಲೇ ಹಾಕಬೇಕು, ತಡ ಮಾಡಿದರೆ ಹುಟ್ಟುವುದಿಲ್ಲ, ಇದು ನಮ್ಮತ್ತೆ ಹೇಳಿದ್ದು. ಈಗ ಶಾಲೆಯಲ್ಲಿ ಸ್ವಂತ ಸಸಿ 60 ಇವೆ.

ಸ್ವಂತ ಸಸಿ ಅನ್ನೋದಕ್ಕೂ ಕಾರಣ ಇದೆ. ಹೊರಗಿಂದ ಬರುವ ಸಸಿಯಲ್ಲಿ ಏನು ಇರುತ್ತದೋ ಅದನ್ನು ನೆಡುತ್ತೇವೆ. ಒಂದು ವರ್ಷ ಗುಲ್‌ಮೊಹರ್ ಬಂತು, ಇನ್ನೊಂದು ವರ್ಷ ಬಾದಾಮಿ ಬಂತು. ಹೂವು ಚೆಂದ, ನೆರಳು ಚೆಂದ, ಬೇಡ ಅನ್ನಲ್ಲ. ಆದರೆ ನಮ್ಮ ಬಿಸಿಲಿಗೆ ನಿಲ್ಲೋದು ಬೇವು, ಹುಣಸೆ, ಬನ್ನಿ, ಬಾರಿ, ಅತ್ತಿ. ಯಾವ ಗಿಡ ಹಚ್ಚಬೇಕು ಅನ್ನೋದಕ್ಕೆ ನಮ್ಮ ಪಕ್ಕದ ಹಾವೇರಿ ಕಡೆ ಜನ ಬೀದಿಗೇ ಇಳಿದಿದ್ದರು ಅಂತ ಎಷ್ಟು ಮಕ್ಕಳಿಗೆ ಗೊತ್ತು? 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಆಯಿತು. ಊರ ಗೋಮಾಳ, ಹುಲ್ಲುಗಾವಲುಗಳನ್ನು ಕಾಗದ, ನೂಲಿನ ತಿರುಳಿಗೆ ಅಂತ ನೀಲಗಿರಿ ಬೆಳೆಯಲು ಕೊಟ್ಟಿದ್ದಕ್ಕೆ ಜನ ಹೋಗಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು ಅದರ ಮುಂದೆ ನಿಂತಿದ್ದರು. ಅದು ಮಕ್ಕಳ ದಿನ ಅನ್ನೋದನ್ನು ಗಮನಿಸಿ. ನಮ್ಮ ಶಾಲೆಗಳಲ್ಲಿ ಆ ದಿನ ವೇಷಭೂಷಣ ಸ್ಪರ್ಧೆ ಇಡುತ್ತೇವೆ, ನೆಹರೂ ಗುಲಾಬಿ ಅಂತ. ಒಂದು ವರ್ಷ ಈ ಕಥೆಯನ್ನೂ ಹೇಳಬಹುದಲ್ವಾ?

ನಮ್ಮ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡದ್ದೂ ಅಷ್ಟೇ. ನಮ್ಮ ಶಾಲೆ ಮಾಳಿಗೆ ಹತ್ತಿದರೆ ಗುಡ್ಡದ ಗಾಳಿ ಫ್ಯಾನುಗಳು ಕಾಣುತ್ತವೆ. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು, ಮರುವರ್ಷ ಆದೇಶ ವಾಪಸ್ ತೆಗೆದರು, 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅದನ್ನು ವಿರೋಧಿಸಿ ಗದಗದಲ್ಲಿ ಧರಣಿ ಕೂತರು, ಏಪ್ರಿಲ್‌ನಲ್ಲಿ ಮತ್ತೆ ಆದೇಶ ಬಂತು, 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಅದನ್ನು ನೋಡಲು ಆ ಸ್ವಾಮಿಗಳು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇದೆಲ್ಲ ನಮ್ಮ ಕಣ್ಣ ಮುಂದೆ ಆಗಿದ್ದು. ಊರಿನ ಅರ್ಧ ಜನ ಟಂಟಂ ಮಾಡಿಕೊಂಡು ಗದಗಿಗೆ ಹೋಗಿ ಧರಣಿಯಲ್ಲಿ ಕೂತು ಬಂದಿದ್ದರು. ಅವರನ್ನೇ ಶಾಲೆಗೆ ಕರೆದು ಕೂರಿಸಿದರೆ ಸಾಕು, ಬೇರೆ ಸಂಪನ್ಮೂಲ ವ್ಯಕ್ತಿ ಯಾಕೆ ಬೇಕು?

ಈ ಜನವರಿಯಲ್ಲಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದೆವು. ಗದಗದಿಂದ 26 ಕಿಲೋಮೀಟರ್, ನಮಗೆ ಇನ್ನೂ ಹತ್ತಿರ. 2024ರ ಜನವರಿಯಲ್ಲಿ ಅದಕ್ಕೆ ಜಗತ್ತಿನ ಮುಖ್ಯ ಜೌಗು ತಾಣಗಳಿಗೆ ಕೊಡುವ ರಾಮ್ಸಾರ್ ಪಟ್ಟ ಸಿಕ್ಕಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಜೊತೆಗೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. ನಾವು ಮುಟ್ಟಿದಾಗ ಇನ್ನೂ ಮಂಜು ಇತ್ತು. ಮೊದಲು ಸದ್ದು ಕೇಳಿತು, ಆಮೇಲೆ ಹೊಲದ ಕಡೆಯಿಂದ ಸಾಲು ಸಾಲಾಗಿ ಬಂದು ನೀರಿಗೆ ಇಳಿದವು. ತಲೆ ಹಿಂದೆ ಎರಡು ಕಪ್ಪು ಗೆರೆ, ಮಕ್ಕಳು "ವಿಭೂತಿ ಹಚ್ಚ್ಯಾವ್ರಿ, ಕರೀ ವಿಭೂತಿ" ಅಂದರು. ಕೆರೆ ದಂಡೆಯಲ್ಲಿ ಒಬ್ಬ ಅಜ್ಜ ದನ ಮೇಯಿಸುತ್ತಿದ್ದ. ಇವು ಶೇಂಗಾ ಹೊಲದಲ್ಲಿ ಉಳಿದ ಕಾಳು ತಿಂತಾವೆ, ಹಿಕ್ಕೆ ಹಾಕಿ ಹೋಗ್ತಾವೆ, ನಾವು ಓಡಿಸೋದಿಲ್ಲ ಅಂದ. ಮಕ್ಕಳಲ್ಲಿ ಮುಕ್ಕಾಲು ಪಾಲು ಅವತ್ತೇ ಮೊದಲ ಸಲ ಆ ಕೆರೆ ನೋಡಿದ್ದು. ಅಷ್ಟು ಹತ್ತಿರ ಇದ್ದೂ! ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಅಂತ ಒಳ್ಳೆ ಕಾರ್ಯಕ್ರಮ ಇದೆ, ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ, ಆದರೆ ಎಲ್ಲ ಶಾಲೆಗೂ ಸರದಿ ಬರೋದು ಯಾವಾಗ. ನಾವು ಕೂಡಿಸಿದ್ದು ಒಂದು ಮಗುವಿಗೆ 40 ರೂಪಾಯಿ, ಗಾಡಿ ಬಾಡಿಗೆಗೆ. ಚುರುಮುರಿ, ಮಿರ್ಚಿ ಮನೆಯಿಂದಲೇ ಕಟ್ಟಿಕೊಂಡು ಹೋದೆವು.

ಹುಬ್ಬಳ್ಳಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮಗ ಹೋಗುವ ಸರ್ಕಾರಿ ಶಾಲೆಗೆ ಅಂಗಳವೇ ಇಲ್ಲ, ಗಿಡ ಎಲ್ಲಿ ನೆಡುತ್ತಾರೆ ಪಾಪ. ಆ ಹುಡುಗನಿಗೆ ಚಿಗರಿ ಅಂದರೆ ಬಿಆರ್‌ಟಿಎಸ್ ಬಸ್ಸು. ರಾಣೆಬೆನ್ನೂರಿನಲ್ಲಿ ನಿಜವಾದ ಚಿಗರಿಗಳಿಗೆ, ಅಂದರೆ ಕೃಷ್ಣಮೃಗಗಳಿಗೆ ಅಂತಲೇ 1974ರಿಂದ ಅಭಯಾರಣ್ಯ ಇದೆ ಅಂದರೆ ನನ್ನನ್ನೇ ಅನುಮಾನದಿಂದ ನೋಡಿದ. ಆದರೆ ನೀರಿನ ವಿಷಯ ಅವನಿಗೆ ನನ್ನ ಮಗಳಿಗಿಂತ ಜಾಸ್ತಿ ಗೊತ್ತು. ನಳಕ್ಕೆ ನೀರು ಯಾವ ದಿನ ಬರುತ್ತದೆ, ಎಷ್ಟು ಕೊಡ ತುಂಬಿದರೆ ಮುಂದಿನ ಪಾಳಿವರೆಗೆ ಸಾಕಾಗುತ್ತದೆ, ಎಲ್ಲ ಬಾಯಿಪಾಠ. ಆ ನೀರು ಸವದತ್ತಿ ಹತ್ತಿರ ಮಲಪ್ರಭೆಯ ಅಣೆಕಟ್ಟಿನಿಂದ ಬರುತ್ತದೆ, ತಾನು ಚೆಲ್ಲಿದ ನೀರು ಉಣಕಲ್ ನಾಲಾದಲ್ಲಿ ಎಲ್ಲಿಗೆ ಹೋಗುತ್ತದೆ, ಇಷ್ಟು ನಕ್ಷೆ ಬರೆಸಿದರೆ ಅಂಗಳ ಇಲ್ಲದ ಶಾಲೆಗೂ ಅದೇ ಪರಿಸರ ಪಾಠ.

ಶಿಕ್ಷಣ ಇಲಾಖೆಯವರು ಓದುತ್ತಿದ್ದರೆ ನನ್ನದು ಎರಡೇ ಬೇಡಿಕೆ. ಇಕೋ ಕ್ಲಬ್ಬಿನ ದುಡ್ಡನ್ನು ಜೂನ್‌ನಲ್ಲಿ ಕೊಡಿ, ಅದರಲ್ಲಿ ಒಂದು ಪಾಲನ್ನು ಬೇಸಿಗೆ ಸೂಟಿಗೆ ಅಂತಲೇ ತೆಗೆದಿಡಿ. ಏಳು ವಾರ, ವಾರಕ್ಕೆರಡು ಸಲ ಗೇಟ್ ತೆಗೆದು ನೀರು ಹಾಕುವವರಿಗೆ ಕೂಲಿ ಕೊಡಿ. ಅಡುಗೆ ಮಾಡುವ ಅಕ್ಕಂದಿರಿಗೇ ಕೊಟ್ಟರೆ ಇನ್ನೂ ಚೆನ್ನ, ಸೂಟಿಯಲ್ಲಿ ಅವರಿಗೆ ಸಂಬಳವೂ ಇರುವುದಿಲ್ಲ. ಎರಡನೆಯದು, ಶಾಲೆಯಿಂದ ನೀವು ಕೇಳುವ ಫೋಟೋ ಜೂನ್ 5ರದ್ದು ಬೇಡ, ಮೇ 29ರದ್ದು ಕೇಳಿ. ಹೋದ ವರ್ಷದ ಅದೇ ಸಸಿ, ಅದೇ ಮಗು. ಆಗ ಸರ್ಟಿಫಿಕೇಟ್ ಕೊಡಿ. ಕೆರೆ, ಕಾಂಪೌಂಡ್, ಮಳೆನೀರು ತೊಟ್ಟಿ ಅಂತ ದೊಡ್ಡ ಕೆಲಸಗಳನ್ನು ಉದ್ಯೋಗ ಖಾತ್ರಿಯಲ್ಲಿ ಮಾಡಿಕೊಟ್ಟ ಪಂಚಾಯ್ತಿಗಳೂ ಇವೆ, ನಮ್ಮ ಪಂಚಾಯ್ತಿಗೂ ಅರ್ಜಿ ಕೊಟ್ಟಿದ್ದೇವೆ, ಅದು ಬಂದಾಗ ಬರಲಿ.

ಈ ಜೂನ್ 5ಕ್ಕೆ ನಮ್ಮ ಶಾಲೆಯಲ್ಲಿ ಹೊಸ ಗುಂಡಿ ತೋಡಲಿಲ್ಲ. ಬ್ಯಾನರ್ ಕಟ್ಟಲಿಲ್ಲ. ಒಣಗಿದ 34 ಗುಂಡಿಗಳಿಗೆ ನಮ್ಮದೇ ಬೇವಿನ ಸಸಿ ಹಚ್ಚಿದೆವು, ಮಗಳು ನನ್ನ ಹೆಸರಿನ ಹಳೆ ರಟ್ಟನ್ನೇ ಮತ್ತೆ ನೆಟ್ಟಳು. ಸೂಟಿಯಲ್ಲಿ ಗೇಟಿನ ಚಾವಿ ನನ್ನ ಮನೆಯಲ್ಲಿರಬೇಕು ಅಂತ ಮೀಟಿಂಗಿನಲ್ಲಿ ಬರೆಸಿ ಸಹಿ ಹಾಕಿಸಿದ್ದೇನೆ.

ಸಂಪಾದಕರೇ, ಮುಂದಿನ ಮೇ 29ಕ್ಕೆ ನಿಮ್ಮ ಫೋಟೋಗ್ರಾಫರನ್ನು ನಮ್ಮೂರಿಗೆ ಕಳಿಸಿ, ಚಾ ನಾನು ಕೊಡುತ್ತೇನೆ. ಆದರೆ ಬರುವ ಮುಂಚೆ ಫೋನ್ ಮಾಡಬೇಡಿ. ಮಾಡಿದರೆ ಹಿಂದಿನ ದಿನವೇ ಎಲ್ಲಿಂದಲಾದರೂ ಹಸಿರು ಗಿಡ ತಂದು ನೆಟ್ಟುಬಿಡುತ್ತೇವೆ, ನಮ್ಮ ಬುದ್ಧಿ ನಮಗೆ ಗೊತ್ತು.

ಇಂತಿ,
ಒಬ್ಬ ಎಸ್‌ಡಿಎಂಸಿ ಸದಸ್ಯೆ,
ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ